ಒಂಬತ್ತು ಶುಕ್ರವಾರದ ಎಣ್ಣೆ

"ಎಂಟನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋನ್ಗೆ ಅಂಗಡಿ ಒಪ್ಪಿಸಿದ್ರೆ ಇನ್ನೇನಾಯ್ತದೆ? ಕಳ್ಳ ಕಣೋ ನೀನು! ಪೂಜೆಗೆ ತಗೊಂಡೋಗೋ ಎಣ್ಣೇಲೂ ಮೋಸ ಮಾಡ್ದಲ್ಲೋ!"

ಹೊಂಬಾಳಮ್ಮನ ದನಿಗೆ ಬಟವಾಡಿಯ ಆ ಅಂಗಡಿ ಸಾಲೆಲ್ಲ ಹೊರಗೆ ಬಂತು. ಮೊಬೈಲ್ ಅಂಗಡಿಯವರು, ಆಟೋದವರು, ಪಕ್ಕದ ಕ್ಲಿನಿಕ್ಕಿನಲ್ಲಿ ಟೋಕನ್ ಹಿಡಿದು ಕೂತಿದ್ದವರು. ಅವಳು ಅತ್ತರಂಗಡಿಯ ಕೌಂಟರಿನ ಮೇಲೆ ಕುಕ್ಕಿದ ಕಂದು ಬಾಟಲಿಯಿಂದ ಎಣ್ಣೆ ಚಿಮ್ಮಿ ಗಾಜಿನ ಮೇಲೆ ಹರಿಯಿತು.

ಕೌಂಟರಿನ ಹಿಂದಿದ್ದ ಅಫ್ರೋಜ್ ಅಲುಗಲಿಲ್ಲ. ಸಾಲಿನವರಿಗೆ ಅದೇ ಸೋಜಿಗ. ಬಾಗಿಲಿಗೆ ಬೈಕ್ ಅಡ್ಡ ನಿಲ್ಲಿಸಿದ ಅಂತ ಹೋದ ತಿಂಗಳಷ್ಟೇ ಒಬ್ಬನ ಕಾಲರ್ ಹಿಡಿದಿದ್ದ ಹುಡುಗ ಇವನು.

"ನಾನೇ ಮೂಸಿ ನೋಡ್ದೆ," ಎಂದ ಹೊಂಬಾಳಮ್ಮನ ಅಳಿಯ ಅಂಜನ್‌ಕುಮಾರ್. ಕಾಲೇಜಿನ ಲ್ಯಾಬಿನಲ್ಲಿ ಕೆಲಸದವನು. "ರೋಸ್‌ಮೇರಿ ವಾಸನೆ ನಂಗೊತ್ತಿಲ್ವಾ? ಕೊಬ್ಬರಿ ಎಣ್ಣೆಗೆ ಒಂಚೂರು ಲ್ಯಾವೆಂಡರ್ ಹಾಕವ್ನೆ. ರೇಟ್ ಮಾತ್ರ ರೋಸ್‌ಮೇರೀದೇ!"

ಎರಡು ತಿಂಗಳ ಹಿಂದೆ ಹೊಂಬಾಳಮ್ಮ ಗುಬ್ಬಿಯ ಗುರುಗಳೊಬ್ಬರು ಬರೆದುಕೊಟ್ಟ ಚೀಟಿ ಹಿಡಿದು ಬಂದಿದ್ದಳು. ಸೊಸೆಗೆ ಮಕ್ಕಳಾಗಬೇಕು. ಒಂಬತ್ತು ಶುಕ್ರವಾರ, ದೀಪ ಹಚ್ಚುವ ಹೊತ್ತಿಗೆ ಅವಳನ್ನು ಕೋಣೆಯ ನಡುವೆ ಕೂರಿಸಿ, ಬಾಗಿಲು ಕಿಟಕಿ ಭದ್ರ ಮಾಡಿ, ದೀಪದ ಮೇಲಿನ ಬಟ್ಟಲಿಗೆ ಇಪ್ಪತ್ತು ಹನಿ ರೋಸ್‌ಮೇರಿ ಎಣ್ಣೆ. ಆಮೇಲೆ ನಿಂಬೆಹಣ್ಣು ನಿವಾಳಿಸಬೇಕು.

"ಇಪ್ಪತ್ತು ಬೇಡಮ್ಮ, ಮೂರು ಸಾಕು," ಎಂದಿದ್ದ ಅಫ್ರೋಜ್. "ಕಿಟಕಿ ತೆಗ್ದಿರ್ಲಿ. ಕಾಲು ಗಂಟೆಗೆ ದೀಪ ಆರಿಸ್ಬಿಡಿ. ಮೈಗೆ ಹಚ್ಚೋದಾದ್ರೆ ಕೊಬ್ಬರಿ ಎಣ್ಣೇಲಿ ಬೆರೆಸ್ದೆ ಹಚ್ಚಂಗಿಲ್ಲ. ಬಾಯಿಗಂತೂ ಬೇಡ್ವೇ ಬೇಡ."

"ಗುರುಗಳಿಗಿಂತ ಜಾಸ್ತಿ ಓದಿದೀಯೇನಪ್ಪಾ? ಇಪ್ಪತ್ತು ಅಂದ್ರೆ ಇಪ್ಪತ್ತೇ."

ಅವನು ಬಾಟಲಿಯ ಲೇಬಲ್ ತೋರಿಸಿದ. ಅವನದೇ ಸೊಟ್ಟ ಅಕ್ಷರ. ಬಸುರಿಯರಿಗೆ ಬೇಡ. ಹಸುಗೂಸಿನ ಹತ್ತಿರ ಬೇಡ. ಬಿಪಿ, ಫಿಟ್ಸ್ ಇದ್ದವರಿಗೆ ಬೇಡ. ಅಂಗಡಿಯಲ್ಲಿ ಯಾವ ಬಾಟಲಿಯೂ ಆ ಚೀಟಿಯಿಲ್ಲದೆ ಹೊರಗೆ ಹೋಗುತ್ತಿರಲಿಲ್ಲ. ಹೊಂಬಾಳಮ್ಮ ಓದಲಿಲ್ಲ. ಹಿಂದೆ ನಿಂತಿದ್ದ ಸೊಸೆ ಆಶಾರಾಣಿ ಓದಿದಳು. ಎರಡು ಸಲ ಓದಿದಳು. ಬಾಯಿ ತೆರೆದು, ಅತ್ತೆಯ ಮುಖ ನೋಡಿ, ಮುಚ್ಚಿಕೊಂಡಳು. ಅವಳ ಬಲಗೈ ಕಬ್ಬಿಣದ ಕೀಯೊಂದನ್ನು ಬಿಗಿಯಾಗಿ ಹಿಡಿದಿತ್ತು.

"ಕುಣಿಗಲ್ಲಿನ ತವರುಮನೆ ಹಳೇ ಪೆಟ್ಟಿಗೆ ಕೀಯಂತೆ," ಹೊಂಬಾಳಮ್ಮ ನಕ್ಕಿದ್ದಳು. "ಮಲಗೋವಾಗ್ಲೂ ಬುಡಾಕಿಲ್ಲ. ಅದ್ರಾಗೇನು ಚಿನ್ನದ ಗಟ್ಟಿ ಇಟ್ಟವ್ರೋ!"

ಅಫ್ರೋಜ್ ನಗಲಿಲ್ಲ. ಕೌಂಟರಿನ ಮೇಲಿದ್ದ ಬಾಟಲಿಯನ್ನು ವಾಪಸು ತೆಗೆದುಕೊಂಡು ಪರದೆಯ ಹಿಂದೆ ಹೋದ. "ಇದು ಹಳೇ ಸ್ಟಾಕು, ಹೊಸದು ಕೊಡ್ತೀನಿ," ಎಂದು ಬೇರೆಯದು ತುಂಬಿಸಿ ತಂದ.

ಈಗ ಆ ಬಾಟಲಿಯೇ ಎಲ್ಲರೆದುರು ಕೂತಿತ್ತು.

"ಎಂಟು ಶುಕ್ರವಾರ! ಹೊಳೇಲಿ ಹುಣಿಸೇಹಣ್ಣು ಕಿವುಚ್ದಂಗಾಯ್ತು," ಎಂದಳು ಹೊಂಬಾಳಮ್ಮ. ಕೋಪ ಹಿಂದೆ ಸರಿದು ಅಳು ಬಂತು. "ಗುರುಗಳಿಗೆ ಫೋನ್ ಮಾಡ್ದೆ. ಕೆಟ್ಟೋದ್ ಪೂಜೆ ಮತ್ತೆ ಹಿಡಿಯಂಗಿಲ್ಲ ಅಂದ್ಬುಟ್ರು. ಇನ್ಮೇಲೆ ನಮ್ಮನೇಲಿ ಆ ಎಣ್ಣೇನೂ ಇಲ್ಲ, ಮೊಮ್ಮಗೂನೂ ಇಲ್ಲ."

ಆ ಮಾತಿಗೆ ಅಫ್ರೋಜ್ ಮೊದಲ ಸಲ ತಲೆಯೆತ್ತಿದ. ಅವನ ಭುಜ ಇಳಿಯಿತು. ಉಸಿರು ಹೊರಬಂತು.

"ನೋಡ್ರಲಾ, ನಾಚ್ಕೆನೂ ಇಲ್ಲ ಮುಖದಾಗೆ," ಎಂದ ಆಟೋದವನೊಬ್ಬ.

ಒಳಗಿನಿಂದ ಮನ್ಸೂರ್ ಅಲಿ ಬಂದರು. ಅಫ್ರೋಜ್‌ನ ಅಬ್ಬಾ. ನಲವತ್ತು ವರ್ಷ ಅತ್ತರು ಮಾರಿದ ಕೈಯಿಂದ ಗಾಜಿನ ಮೇಲಿನ ಎಣ್ಣೆ ಒರೆಸಿದರು. ಎಲ್ಲರಿಗೂ ತಿಳಿಯಲೆಂದು ಮಗನನ್ನು ಕನ್ನಡದಲ್ಲೇ ಕೇಳಿದರು.

"ಬೇಟಾ, ಈ ಅಂಗಡೀಲಿ ಕಲಬೆರಕೆ ಅನ್ನೋ ಮಾತು ಇದುವರೆಗೂ ನಾನು ಕೇಳಿಲ್ಲ. ಬದಲಾಯಿಸಿಲ್ಲ ಅನ್ನು, ಸಾಕು. ಬದಲಾಯಿಸಿದ್ರೆ ಯಾಕೆ ಅಂತನಾದ್ರೂ ಹೇಳು. ನಾನು ನಂಬ್ತೀನಿ."

ಹೇಳಲು ಒಂದೇ ಒಂದು ಮಾತಿತ್ತು. ಅದು ನಾಲಿಗೆಯ ತುದಿಯಲ್ಲಿ ಕೆಂಡದಂತೆ ಸುಡುತ್ತಿತ್ತು. ಉಗುಳಿಬಿಟ್ಟರೆ ಆಟೋದವನ ಬಾಯಿ ಮುಚ್ಚುತ್ತಿತ್ತು, ಅಂಜನ್‌ಕುಮಾರನ ಲ್ಯಾಬ್ ಜಂಬ ಇಳಿಯುತ್ತಿತ್ತು, ಅಬ್ಬಾ ತಲೆಯೆತ್ತಿ ನಿಲ್ಲುತ್ತಿದ್ದರು.

ಅಫ್ರೋಜ್ ಗುಂಪಿನ ಕಡೆ ನೋಡಿದ. ಅತ್ತೆಯ ಹಿಂದೆ ಆಶಾರಾಣಿ ನಿಂತಿದ್ದಳು. ಕೀ ಹಿಡಿದ ಬೆರಳುಗಳ ಗೆಣ್ಣು ಬಿಳಿಚಿಕೊಂಡಿದ್ದವು. ಅವನ ಕಣ್ಣಿಗೆ ಕಣ್ಣು ಕೊಟ್ಟು, ಯಾರಿಗೂ ಕಾಣದಷ್ಟು ಸಣ್ಣಗೆ, ಬೇಡ ಎಂಬಂತೆ ತಲೆಯಾಡಿಸಿದಳು.

ಅವನು ಹಲ್ಲು ಕಚ್ಚಿದ.

"ಹಂಗಾದ್ರೆ ಮೆಟ್ಟಿಲು ಇಳಿ," ಎಂದರು ಅಬ್ಬಾ. ಕೂಗಲಿಲ್ಲ. ಕೂಗಿದ್ದರೆ ವಾಸಿಯಿತ್ತು.

ಅಫ್ರೋಜ್ ಇಳಿದ. ಗುಂಪು ದಾರಿ ಬಿಟ್ಟಿತು. ಬೆನ್ನಿಗೆ ಯಾರೋ ಕಳ್ಳ ಎಂದರು, ಯಾರೋ ನಕ್ಕರು. ಅವನು ತಿರುಗಲಿಲ್ಲ.

ಗಂಡನ ಮನೆಯವರಿಗೆ ಮುಚ್ಚಿಟ್ಟ ಕಾಯಿಲೆಯನ್ನು ಆಶಾರಾಣಿ ಅವನಿಗೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಹೆದ್ದಾರಿ ಮುಟ್ಟುವಾಗ ಅವನ ಕೈ ತಾನಾಗಿ ಜೇಬಿಗಿಳಿದು ಅಂಥದೇ ಒಂದು ಕಬ್ಬಿಣದ ಕೀಯನ್ನು ಹಿಡಿಯಿತು: ಎಂಟನೇ ಕ್ಲಾಸಿನ ಆ ವರ್ಷ, ಬಾಗಿಲು ಮುಚ್ಚಿ ಇದೇ ರೋಸ್‌ಮೇರಿ ಎಣ್ಣೆ ಕಾಯಿಸಿದ್ದ ಕೋಣೆಯಲ್ಲಿ, ಫಿಟ್ಸ್ ನಿಲ್ಲಲಿ ಎಂದು ತಂಗಿ ಫಿಜಾಳ ಮುಷ್ಟಿಗೆ ಅವನೇ ತುರುಕಿದ್ದ ಕೀ, ಅವಳು ತಣ್ಣಗಾದ ಮೇಲೆ ಅವನೇ ಬೆರಳು ಬಿಡಿಸಿ ತೆಗೆದುಕೊಂಡದ್ದು.