ಪ್ರಶ್ನೆಪತ್ರಿಕೆಯ ಫೋನು

"ಸರ್, ನಾನು ನಿಮ್ಮ ಪ್ರಶ್ನೆಪತ್ರಿಕೆ," ಎಂದಿತು ದೂರದೇಶದಿಂದ ಬಂದ ಫೋನಿನ ದನಿ. ವಿದೇಶಿ ಅಧಿಕಾರಿಗಳಿಗೆ ಬಾಹ್ಯಾಕಾಶ ಕಾನೂನು ಕಲಿಸುತ್ತಿದ್ದ ಮೇಷ್ಟ್ರು ಗೋಡೆಯಿಂದ ಹಳೆಯ ತಂಡಗಳ ಫೋಟೊ ಇಳಿಸುತ್ತಿದ್ದರು. ಸರ್ಕಾರ ಆ ತರಬೇತಿಯ ಅನುದಾನ ನಿಲ್ಲಿಸಿ ವಾರವಾಗಿತ್ತು.

ಅವರ ಮುಖ ಅರಳಿತು. ಇಪ್ಪತ್ತು ವರ್ಷದ ಹಿಂದೆ ಪ್ರಶ್ನೆ ಕೇಳಿ ಕೇಳಿ ತಲೆ ತಿಂದು ಆ ಹೆಸರು ಗಳಿಸಿದವಳು. "ನಮಗೆ ಒಂದು ಉಪಗ್ರಹವೂ ಇಲ್ಲ, ಇದೆಲ್ಲ ಯಾಕೆ ಸರ್?" ಎಂದು ಒಮ್ಮೆ ಅತ್ತೂ ಇದ್ದಳು. "ಆಕಾಶಕ್ಕೆ ಬೇಲಿ ಇದೆಯೇನಮ್ಮ? ಅದರಲ್ಲಿ ನಿಮಗೂ ಪಾಲಿದೆ," ಎಂದು ಮೇಷ್ಟ್ರು ಚಹಾ ಕೊಡಿಸಿದ್ದರು.

"ತರಬೇತಿ ನಿಂತಿತಂತೆ ಸರ್?"

"ಹೌದಮ್ಮ. ನಮ್ಮ ಕಾಲ ಮುಗೀತು."

"ಇಲ್ಲ ಸರ್. ಇನ್ಮೇಲೆ ನಮ್ಮಲ್ಲಿ ನಡೆಯುತ್ತೆ. ಖರ್ಚು ನಮ್ಮ ಸರ್ಕಾರದ್ದು, ಆದೇಶಕ್ಕೆ ಇವತ್ತು ನಾನೇ ಸಹಿ ಹಾಕಿದೆ. ಪಾಠಕ್ಕೆ ನೀವು ಬರಬೇಕು."

ಮೇಷ್ಟ್ರು ಕೈಯಲ್ಲಿದ್ದ ಫೋಟೊ ಮೇಜಿನ ಮೇಲಿಟ್ಟರು. "ಯಾವಾಗ ಬರಲಮ್ಮ?"