ಮೂಲೆಯ ಕೆಂಪು ಪಟ್ಟಿ

ಸಮೀಕ್ಷೆಯಲ್ಲಿ ಯಾರೂ ಹೆಸರು ಬರೆಯಬೇಕಿರಲಿಲ್ಲ; ಗಂಡಸೋ ಹೆಂಗಸೋ, ಸರ್ವಿಸ್ ಎಷ್ಟು, ಹುದ್ದೆ ಯಾವುದು ಅಂತ ಗುರುತು ಹಾಕಿದರೆ ಸಾಕಿತ್ತು. ಕಚೇರಿಯ ಮ್ಯಾನೇಜರ್ ಸಾಹೇಬರೇ ಕ್ಯಾಮೆರಾ ನೋಡುತ್ತಲೇ ಮೊದಲ ಹಾಳೆ ತುಂಬಿ, ಪೆಟ್ಟಿಗೆಗೆ ಹಾಕಿ, ಫೋಟೊ ತೆಗೆಸಿಕೊಂಡಿದ್ದರು. ಈಗ ಗುಮಾಸ್ತೆ ವಿಶಾಲಾಕ್ಷಿ ಕಂಪ್ಯೂಟರಿನಲ್ಲಿ ಅವರಿಗೆ ತೋರಿಸಿದ ಫಲಿತಾಂಶದ ಚಿತ್ರ ಮೊಸಾಯಿಕ್ ನೆಲದಂತಿತ್ತು. ಎಲ್ಲ ಹಸಿರು ಚೌಕಗಳು, ಮೂಲೆಯಲ್ಲೊಂದೇ ಸಣ್ಣ ಕೆಂಪು ಪಟ್ಟಿ.

“ಇದೇನಮ್ಮಾ ಕೆಂಪಗೆ?”

“ಕಚೇರಿ ಬಗ್ಗೆ ಅಸಮಾಧಾನ ಇರೋರು, ಸಾರ್. ಜನ ಹೆಚ್ಚಿದ್ದಷ್ಟೂ ಚೌಕ ದೊಡ್ಡದಾಗುತ್ತೆ. ಇಲ್ಲಿರೋದು ಒಬ್ಬರೇ.”

“ಯಾರದು? ಗಂಡಸು, ಹೆಂಗಸು ಅಂತ ಒಡೀರಿ.”

ಒಡೆದಳು. “ಗಂಡಸು, ಸಾರ್.”

“ಸರ್ವಿಸ್ ಎಷ್ಟು?”

“ಇಪ್ಪತ್ತು ವರ್ಷದ ಮೇಲೆ.”

“ಉಂಡ ಮನೆಗೆ ಎರಡು ಬಗೆಯೋನು! ಹುದ್ದೆ ಪ್ರಕಾರ ಒಡೀರಿ, ಇವತ್ತೇ ಮೆಮೊ ಕೊಡ್ತೀನಿ.”

“ಬೇಡ ಬಿಡಿ, ಸಾರ್.”

“ಒಡೀರಿ ಅಂದೆ!”

ಒಡೆದಳು. ಕೆಂಪು ಪಟ್ಟಿಯ ಕೆಳಗೆ ಹುದ್ದೆ ಮೂಡಿತು: ಮ್ಯಾನೇಜರ್.