ತಿಳಿನೀರು

ರಾಜೀವಿ ತನ್ನ ಬಾವಿಯ ನೀರು ತುಂಬಿದ್ದ ಕೊಡಪಾನವನ್ನು ಕಾರ್ಖಾನೆಯ ಮ್ಯಾನೇಜರನ ಮೇಜಿನ ಮೇಲೆಯೇ ಕುಕ್ಕಿದಳು. ಅವಳ ಹಿಂದೆ ಸಿಗಡಿ ಸುಲಿಯುವ ಹೆಂಗಸರೆಲ್ಲ ನಿಂತಿದ್ದರು.

"ನೋಡಿ, ಅಕ್ಕಿ ತೊಳೆದ ನೀರಿನ ಹಾಗೆ ಉಂಟು. ನೀವು ಸಿಪ್ಪೆ ಬೇಯಿಸಿ ಬಿಡುವ ಹೊಲಸು ನಮ್ಮ ಬಾವಿಗೆ ಇಳೀತದೆ. ಇದನ್ನು ಕುಡಿದು ನನ್ನ ಮೊಮ್ಮಗಳು ಆಸ್ಪತ್ರೆಯಲ್ಲಿ ಮಲಗಿದ್ದಾಳೆ."

ಮ್ಯಾನೇಜರ್ ಗಿರಾಕಿಗಳಿಗೆ ತೋರಿಸುವ ಅಭ್ಯಾಸದಲ್ಲೇ ಆ ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿ, ಮೇಜಿನ ಮೇಲಿದ್ದ ಬಾಟಲಿಯಿಂದ ಒಂದಿಷ್ಟು ಹನಿ ಬಿಟ್ಟು ಕಲಕಿದ. ಕೊಳೆಯೆಲ್ಲ ಹತ್ತಿಯ ಉಂಡೆಗಳಂತೆ ಕಟ್ಟಿಕೊಂಡು ಮೆಲ್ಲಗೆ ತಳಕ್ಕಿಳಿಯಿತು. ಮೇಲಿನ ನೀರು ತಿಳಿಯಾಯಿತು.

"ಎಂತ ಮದ್ದು ಮಾರಾಯ್ರೆ ಇದು?" ರಾಜೀವಿ ಕೇಳಿದಳು.

"ಕೈಟೋಸಾನ್. ನೀವು ಸುಲಿದ ಸಿಪ್ಪೆಯಿಂದಲೇ ಮಾಡುವುದು. ಪುಡಿ ಬರೀ ನೀರಲ್ಲಿ ಕರಗುದಿಲ್ಲ, ವಿನೆಗರಿನಲ್ಲಿ ಕರಗಿಸಿದ್ದೇವೆ. ಅಯಸ್ಕಾಂತದ ಹಾಗೆ ಕೊಳೆಯನ್ನು ಎಳೆದು ಕಟ್ಟಿಹಾಕ್ತದೆ."

ಹೆಂಗಸರ ಸಿಟ್ಟು ಇಳಿಯಿತು. ಸಿಗಡಿ ಮುಳ್ಳು ಚುಚ್ಚಿ ಚುಚ್ಚಿ ಒರಟಾದ ಬೆರಳುಗಳಲ್ಲಿ ರಾಜೀವಿ ಆ ಲೋಟವನ್ನೆತ್ತಿ ಬೆಳಕಿಗೆ ಹಿಡಿದಳು. ಕಿಟಕಿಯಾಚೆ ಅದೇ ಪುಡಿಯ ಪೀಪಾಯಿಗಳನ್ನು ಲಾರಿಗೆ ಹೇರುತ್ತಿದ್ದರು.

"ಹಾಗಾದ್ರೆ ಅದರಲ್ಲಿ ಒಂದು ಪೀಪಾಯಿ ಹೀಗೇ ಕರಗಿಸಿ ನಿಮ್ಮ ಚರಂಡಿ ನೀರಿಗೆ ಹಾಕಿ ಸ್ವಾಮಿ. ನಮ್ಮ ಬಾವಿ ಉಳೀತದೆ."

ಮ್ಯಾನೇಜರ್ ಅವಳ ಕೈಯಿಂದ ಲೋಟವನ್ನು ತೆಗೆದುಕೊಂಡು ವಾಶ್‌ಬೇಸಿನ್ನಿಗೆ ಚೆಲ್ಲಿದ.

"ಅದು ಆಗುದಿಲ್ಲಮ್ಮ. ಅದಷ್ಟೂ ಫಾರಿನ್ ಹೋಟೆಲಿನವರ ಈಜುಕೊಳಕ್ಕೆ ಬುಕ್ ಆಗಿದೆ."